ಹೆಜ್ಜಾರ್ಲೆ ಈಲ್: ಬಾಯಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಜಿಪುಣ

ಪ್ರಶ್ನೆ: ಆಳ ಸಮುದ್ರದಲ್ಲಿ ಹಾವಿನಂಥ ಕಪ್ಪು ಮೀನೊಂದು ತಲೆಯನ್ನು ಬಲೂನಿನಂತೆ ಉಬ್ಬಿಸಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಖಾಲಿ ಚೀಲದಂತೆ ಸೊರಗಿ ಈಜಿಹೋಗುವ ವಿಡಿಯೊ ನೋಡಿದೆ. ಪೆಲಿಕನ್ ಈಲ್ ಎಂದು ಅದರ ಹೆಸರಂತೆ. ತನಗಿಂತ ದೊಡ್ಡ ಮೀನನ್ನೂ ಇಡಿಯಾಗಿ ನುಂಗುವ ರಾಕ್ಷಸ ಎಂದು ಕೆಳಗೆ ಬರೆದಿದ್ದರು. ಇದು ನಿಜವೇ? ಅದು ನಿಜಕ್ಕೂ ಹಾವುಮೀನಿನ ಜಾತಿಗೆ ಸೇರಿದ್ದೇ? ಅದರ ಮೈ ಅಷ್ಟು ಮೆತ್ತಗಿದ್ದರೂ ಆ ಆಳದ ಒತ್ತಡಕ್ಕೆ ಏಕೆ ಅಪ್ಪಚ್ಚಿಯಾಗುವುದಿಲ್ಲ?

ಉತ್ತರ: ವಿಡಿಯೊ ನಿಜ. ಕೆಳಗಿನ ಬರಹ ಮಾತ್ರ ಬೇರೆ ಮೀನಿನ ಬಿರುದನ್ನು ಇದರ ಕೊರಳಿಗೆ ಕಟ್ಟಿದೆ.

ನೀವು ವರ್ಣಿಸಿದ್ದನ್ನು ನೋಡಿದರೆ ಅದು 2018ರ ಸೆಪ್ಟೆಂಬರಿನಲ್ಲಿ ‘ನೌಟಿಲಸ್’ ಎಂಬ ಸಂಶೋಧನಾ ಹಡಗಿನವರು ಹವಾಯಿ ದ್ವೀಪಸಾಲಿನ ಪಪಹಾನೌಮೊಕುಆಕೆಯಾ ಸಂರಕ್ಷಿತ ಸಾಗರ ಪ್ರದೇಶದಲ್ಲಿ ಚಿತ್ರೀಕರಿಸಿದ್ದಿರಬೇಕು. ಹಡಗಿನಿಂದ ಇಳಿಬಿಟ್ಟ ದೂರನಿಯಂತ್ರಿತ ಯಂತ್ರದ ದೀಪದ ಬೆಳಕಿನಲ್ಲಿ ಮೊದಲು ಕಾಣುವುದು ಒಂದು ಕಪ್ಪು ಚೆಂಡು. ಅದು ಏನೆಂದು ಹಡಗಿನಲ್ಲಿ ಕುಳಿತ ವಿಜ್ಞಾನಿಗಳಿಗೂ ತಕ್ಷಣ ಹೊಳೆಯುವುದಿಲ್ಲ. ಚೆಂಡಿಗೊಂದು ಬಾಲವಿದೆ ಎಂದು ತಿಳಿಯುವಷ್ಟರಲ್ಲಿ ಅದು ಬಾಯಿ ಅಗಲಿಸುತ್ತದೆ, ತಲೆಯ ಆಕಾರವೇ ಬದಲಾಗುತ್ತದೆ, ಒಳಗಿದ್ದ ನೀರೆಲ್ಲ ಹೊರಹೋಗುತ್ತದೆ. ಕೊನೆಗೆ ಉಳಿಯುವುದು ಒಂದು ತೆಳ್ಳನೆಯ ಕಪ್ಪು ದಾರ. ವಿಡಿಯೊದಲ್ಲಿ ಕೇಳುವ ನಗು, ಉದ್ಗಾರಗಳು ಆ ವಿಜ್ಞಾನಿಗಳದ್ದೇ. ಯಂತ್ರದ ಗದ್ದಲಕ್ಕೆ ಬೆದರಿದ ಮರಿ ಈಲ್, ತಾನು ದೊಡ್ಡದೆಂದು ತೋರಿಸಿಕೊಳ್ಳಲು ಹಾಗೆ ಉಬ್ಬಿರಬಹುದು. ಬೇಟೆಯ ದೃಶ್ಯವಂತೂ ಅದಲ್ಲ.

ಹೆಸರಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಇದರ ಶಾಸ್ತ್ರೀಯ ಹೆಸರು ಯೂರಿಫ್ಯಾರಿಂಕ್ಸ್ ಪೆಲೆಕನಾಯ್ಡಿಸ್. ಗ್ರೀಕಿನಿಂದ ಬಿಡಿಸಿದರೆ ‘ಹೆಜ್ಜಾರ್ಲೆಯಂಥ ಅಗಲಗಂಟಲಿನದು’ ಎಂದಾಗುತ್ತದೆ. ಪೆಲಿಕನ್ ಹಕ್ಕಿಗೆ ನಮ್ಮಲ್ಲಿ ಹೆಜ್ಜಾರ್ಲೆ ಎಂಬ ಒಳ್ಳೆಯ ಹೆಸರೇ ಇರುವುದರಿಂದ ನಾನು ಇದನ್ನು ಹೆಜ್ಜಾರ್ಲೆ ಈಲ್ ಎಂದೇ ಕರೆಯುತ್ತೇನೆ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಲಿಯಾನ್ ವಯ್ಯಾಂ 1882ರಲ್ಲಿ ಇದನ್ನು ಮೊದಲು ವಿವರಿಸಿದರು. ಮೊರಾಕ್ಕೊ ಕರಾವಳಿಯಾಚೆಯ ಆಳ ನೀರಿನಿಂದ ಅದನ್ನು ಮೇಲೆತ್ತಿದ್ದು ‘ತ್ರಾವಯ್ಯರ್’ ಎಂಬ ಫ್ರೆಂಚ್ ಹಡಗು. ಈ ಕುಲದಲ್ಲಿ ಇಂದಿಗೂ ಇದೊಂದೇ ಜಾತಿ, ಇದರ ಕುಟುಂಬದಲ್ಲಿ ಇದೊಂದೇ ಕುಲ.

ಇನ್ನು ಮೈಕಟ್ಟು. ಪ್ರಯೋಗಾಲಯವೊಂದರ ಕಪಾಟಿನಲ್ಲಿ ಮದ್ಯಸಾರ ತುಂಬಿದ ಗಾಜಿನ ಜಾಡಿಯಲ್ಲಿ ನಾನು ಇದನ್ನು ಮೊದಲ ಸಲ ಕಂಡಾಗ ನಿರಾಸೆಯೇ ಆಯಿತು. ಪುಸ್ತಕದ ಚಿತ್ರಗಳಲ್ಲಿ ಬಾಯಿ ತೆರೆದು ಗರ್ಜಿಸುತ್ತಿದ್ದ ಪ್ರಾಣಿ ಅಲ್ಲಿ ಮಳೆಯಲ್ಲಿ ನೆನೆದು ಮುದುಡಿದ ಕೊಡೆಯ ಬಟ್ಟೆಯಂತೆ ಬಿದ್ದಿತ್ತು. ಚಿಮುಟದಿಂದ ಮೆಲ್ಲಗೆ ಎತ್ತಿದಾಗ ಕೊಡೆಯ ಹೋಲಿಕೆ ಇನ್ನಷ್ಟು ಸರಿ ಎನ್ನಿಸಿತು. ಎರಡು ಬದಿಗೂ ಕಡ್ಡಿಯಂಥ ಉದ್ದನೆಯ ದವಡೆ ಎಲುಬುಗಳು, ಅವುಗಳ ನಡುವೆ ಮಡಿಕೆ ಮಡಿಕೆಯಾಗಿ ಇಳಿಬಿದ್ದ ಕಪ್ಪು ತೊಗಲು. ತೊಗಲು ಎಷ್ಟು ತೆಳುವಾಗಿತ್ತೆಂದರೆ ಹಿಂದಿನಿಂದ ದೀಪ ಹಿಡಿದಾಗ ಚಿಮುಟದ ನೆರಳು ಅದರಾಚೆಗೆ ಕಾಣುತ್ತಿತ್ತು. ನಿಜವಾದ ತಲೆಬುರುಡೆಯನ್ನು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಮೂತಿಯ ತುದಿಯಲ್ಲಿ ಒಂದು ಸಣ್ಣ ಗಂಟಿನಂತೆ ಕುಳಿತಿತ್ತು. ಗುಂಡುಸೂಜಿಯ ತಲೆಯಷ್ಟು ಕಣ್ಣುಗಳೂ ಅಲ್ಲೇ, ಮೂತಿಯ ತೀರಾ ತುದಿಗೆ ಅಂಟಿಕೊಂಡಿದ್ದವು. ನಾವು ‘ತಲೆ’ ಎಂದುಕೊಳ್ಳುವ ಭಾಗದಲ್ಲಿ ತಲೆ ಇರುವುದು ಅಷ್ಟೇ. ಉಳಿದದ್ದೆಲ್ಲ ಬಾಯಿ.

ದೊಡ್ಡ ಹೆಜ್ಜಾರ್ಲೆ ಈಲ್ ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗೆ ಉದ್ದವಿರುತ್ತದೆ. ಆ ಉದ್ದದಲ್ಲಿ ಸುಮಾರು ಕಾಲುಭಾಗ ದವಡೆಗೇ ಹೋಗುತ್ತದೆ. ಅದರ ಹಿಂದೆ ಪುಟ್ಟ ಮುಂಡ, ಅಲ್ಲಿಂದ ಮುಂದೆ ಬಾರುಕೋಲಿನಂತೆ ಸಣ್ಣಗಾಗುತ್ತ ಹೋಗುವ ಬಾಲ. ಬಲೆಯಲ್ಲಿ ಮೇಲೆ ಬಂದ ಈಲ್‌ಗಳ ಬಾಲ ಎಷ್ಟೋ ಸಲ ಒಂದೆರಡು ಗಂಟು ಹಾಕಿಕೊಂಡಿರುತ್ತದೆ. ಎಳೆದಾಟದಲ್ಲಿ ದಾರದಂತೆ ತನಗೆ ತಾನೇ ಸಿಕ್ಕು ಬೀಳುವಷ್ಟು ಉದ್ದ, ಅಷ್ಟು ಬಳುಕು. ಬಣ್ಣ ಮಖಮಲ್ಲಿನ ಕಪ್ಪು. ಬೆನ್ನಿನ ಈಜುರೆಕ್ಕೆ ತಲೆಯ ಹಿಂಭಾಗದಲ್ಲೇ ಶುರುವಾಗಿ ಬಾಲದುದ್ದಕ್ಕೂ ಪಟ್ಟಿಯಂತೆ ಹರಿಯುತ್ತದೆ. ಎದೆಯ ಈಜುರೆಕ್ಕೆಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ ಎನ್ನುವಷ್ಟು ಚಿಕ್ಕವು.

ಈ ಪ್ರಾಣಿಯನ್ನು ಅರ್ಥ ಮಾಡಿಕೊಳ್ಳಲು ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂದು ನೋಡುವುದೇ ಸರಿಯಾದ ದಾರಿ ಎಂದು ನನ್ನ ಅನಿಸಿಕೆ. ಮೈಮೇಲೆ ಹುರುಪೆ ಇಲ್ಲ. ಪಕ್ಕೆಲುಬು ಇಲ್ಲ. ಹೊಟ್ಟೆಯ ಈಜುರೆಕ್ಕೆಗಳಿಲ್ಲ. ತೇಲಲು ನೆರವಾಗುವ ಗಾಳಿಚೀಲ ಇಲ್ಲ. ಕಿವಿರನ್ನು ಮುಚ್ಚಿ ಕಾಯುವ ಎಲುಬಿನ ತಟ್ಟೆಗಳಿಲ್ಲ. ಸಾಮಾನ್ಯ ಮೀನಿನ ಮೇಲ್ದವಡೆಯ ಅಂಚಾಗುವ ಎಲುಬುಗಳೂ ಇಲ್ಲ. ಮೀನಿನ ತುಂಡಿನಲ್ಲಿ ಅಡ್ಡಡ್ಡ ಅಂಕುಡೊಂಕಾಗಿ ಕಾಣುವ ಸ್ನಾಯುಪದರಗಳನ್ನು ನೀವು ಗಮನಿಸಿರಬಹುದು. ಸಾಮಾನ್ಯ ಮೀನುಗಳಲ್ಲಿ ಹಲವು ಸಲ ಮಡಿಚಿಕೊಂಡಿರುವ ಆ ಪದರ ಇದರಲ್ಲಿ ಒಂದೇ ಮಡಿಕೆಗೆ ಮುಗಿದಿದೆ. ಇಷ್ಟೆಲ್ಲ ಕಡಿತದ ನಡುವೆ ಕಿವಿರಿನ ಕಮಾನುಗಳು ಮಾತ್ರ ಬದಿಗೆ ಐದೈದು. ಉಸಿರಾಟದ ವಿಷಯದಲ್ಲಿ ಇದರ ಜಿಪುಣತನ ನಡೆದಿಲ್ಲ.

ಬಾಯಿಯಲ್ಲೂ ನಡೆದಿಲ್ಲ. ಆದರೆ ಆ ಬಾಯಿ ನೋಡುವವರಿಗೆ ಕಾಣುವಷ್ಟು ಬಲಶಾಲಿಯಲ್ಲ, ಗೊಂದಲ ಹುಟ್ಟುವುದೇ ಇಲ್ಲಿ. ಕತ್ತರಿಯ ಬುಡದಲ್ಲಿ ದಪ್ಪ ರಟ್ಟನ್ನು ಸುಲಭವಾಗಿ ಕತ್ತರಿಸಬಹುದು, ತುದಿಯಲ್ಲಿ ಆಗದು. ಅಲಗು ಉದ್ದವಾದಷ್ಟೂ ತುದಿಯ ಬಲ ಕಡಿಮೆ. ಹೆಜ್ಜಾರ್ಲೆ ಈಲ್‌ನ ದವಡೆ ಇಡೀ ದೇಹದ ಕಾಲುಭಾಗ ಉದ್ದವಿದ್ದು, ಎಲುಬು ಕಡ್ಡಿಯಷ್ಟು ತೆಳ್ಳಗಿದ್ದು, ಅದನ್ನು ಮುಚ್ಚುವ ಸ್ನಾಯು ಅಲ್ಪವಾಗಿರುವಾಗ ಗಟ್ಟಿಯಾಗಿ ಕಚ್ಚುವ ಮಾತೇ ಇಲ್ಲ. ಹಲ್ಲುಗಳೂ ಅದಕ್ಕೆ ತಕ್ಕಂತೆಯೇ ಇವೆ. ಎಣಿಕೆಗೆ ಬಹಳ, ಗಾತ್ರಕ್ಕೆ ಅರದ ಮೇಲಿನ ಗೀರುಗಳಷ್ಟು. ಜಾಡಿಯ ಈಲ್‌ನ ದವಡೆಯ ಅಂಚಿನ ಮೇಲೆ ಕೈಗವಸು ಹಾಕಿದ ಬೆರಳು ಓಡಿಸಿದಾಗ ಸ್ವಲ್ಪ ತರಿತರಿ ಎನ್ನಿಸಿತೇ ಹೊರತು ಚುಚ್ಚಲಿಲ್ಲ. ಮನುಷ್ಯರಿಗೆ ಇದರಿಂದ ಅಪಾಯವಿದೆಯೇ ಎಂದು ಯಾರಾದರೂ ಕೇಳಿದರೆ ಈ ಬೆರಳಿನ ಅನುಭವವನ್ನೇ ಹೇಳುತ್ತೇನೆ.

ಹಾಗಾದರೆ ಇಷ್ಟು ದೊಡ್ಡ ಬಾಯಿ ಯಾವುದಕ್ಕೆ? ಹೆಜ್ಜಾರ್ಲೆ ಹಕ್ಕಿಯ ಕೊಕ್ಕಿನ ಕೆಳಗಿನ ಚೀಲವನ್ನು ನೆನಪಿಸಿಕೊಳ್ಳಿ. ಅದು ಕಚ್ಚುವ ಸಾಧನವಲ್ಲ, ಮೊಗೆಯುವ ಬಲೆ. ಈಲ್‌ನದ್ದೂ ಅದೇ ಉಪಾಯ. ಬೇಟೆ ಹತ್ತಿರ ಬಂದಾಗ ದವಡೆ ಕೆಳಗೆ ಬೀಳುತ್ತದೆ, ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಸುತ್ತಲಿನ ನೀರು ಒಳಗೆ ನುಗ್ಗುತ್ತದೆ, ಆ ನೀರಿನ ಜೊತೆ ಅದರಲ್ಲಿದ್ದ ಜೀವಿಯೂ ಒಳಗಾಗುತ್ತದೆ. ಬಾಯಿ ಮುಚ್ಚಿದ ಮೇಲೆ ನೀರು ಮೈಯ ಬದಿಯಲ್ಲಿರುವ ಕಿವಿರಿನ ಸಣ್ಣ ಕಿಂಡಿಗಳಿಂದ ನಿಧಾನವಾಗಿ ಹೊರಹೋಗುತ್ತದೆ. ಚೀಲ ಕುಗ್ಗುತ್ತಾ ಕುಗ್ಗುತ್ತಾ ಒಳಗೆ ಉಳಿದದ್ದು ಗಂಟಲಿಗೆ ಇಳಿಯುತ್ತದೆ. ಬಿಚ್ಚಿದ ಕೊಡೆ ಹಿಡಿದು ಗಾಳಿಗೆ ಎದುರಾಗಿ ಓಡಲು ಹೋದವರಿಗೆ ಈ ಉಪಾಯದ ಬೆಲೆ ಗೊತ್ತು. ಬಾಯಿ ತೆರೆದ ಕೂಡಲೇ ಈಲ್ ನೀರಿನಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಅಟ್ಟಿಸಿಕೊಂಡು ಹೋಗುವ ಬೇಟೆ ಇದಕ್ಕೆ ಒಗ್ಗದು. ಹತ್ತಿರ ಬಂದದ್ದನ್ನು ಒಂದೇ ಏಟಿಗೆ ಮೊಗೆಯಬೇಕು. ತಪ್ಪಿದರೆ ಮತ್ತೆ ನೀರೆಲ್ಲ ಹೊರಹಾಕಿ, ಮಡಿಕೆ ಮಡಿಚಿ, ಮೊದಲಿನಿಂದ ಕಾಯಬೇಕು.

ಹೀಗೆ ಮೊಗೆದು ತಿನ್ನುವುದೇನು ಗೊತ್ತೇ? ಹೆಚ್ಚಾಗಿ ಸಿಗಡಿಯಂಥ ಸಣ್ಣಪುಟ್ಟ ಕಠಿಣಚರ್ಮಿಗಳು. ಹೊಟ್ಟೆ ಕೊಯ್ದು ನೋಡಿದಾಗ ಹೆಚ್ಚಾಗಿ ಸಿಕ್ಕಿರುವುದು ಅವೇ. ಆಗೊಮ್ಮೆ ಈಗೊಮ್ಮೆ ಮೀನು ಅಥವಾ ಸ್ಕ್ವಿಡ್. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಗಬೇಡಿ. ಇಲ್ಲಿ ಅಗೆತಕ್ಕೆ ಖರ್ಚು ಕಡಿಮೆ, ಇಲಿಯೂ ಅಪರೂಪ. ಊಟ ವಾರಗಟ್ಟಲೆ ಎದುರಾಗದೇ ಇರಬಹುದಾದ ಕಡೆ ‘ಇದು ನನ್ನ ಬಾಯಿಗೆ ದೊಡ್ಡದು’, ‘ಇದು ತೀರಾ ಚಿಕ್ಕದು’ ಎಂದು ಆರಿಸುವ ಸೌಕರ್ಯ ಇರುವುದಿಲ್ಲ. ಬಾಯಿ ಅಗಲವಿದ್ದರೆ ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಅಗತ್ಯ ಬಿದ್ದಾಗ ಹೊಟ್ಟೆಯೂ ಚೆನ್ನಾಗಿ ಹಿಗ್ಗುತ್ತದೆ ಎಂಬುದು ನಿಜ. ಆದರೆ ಅದು ಆಪತ್ಕಾಲದ ಏರ್ಪಾಡು, ದಿನದ ರೂಢಿಯಲ್ಲ.

ತನಗಿಂತ ದೊಡ್ಡದನ್ನು ನುಂಗುವ ಕಥೆ ಬೇರೆ ಎರಡು ಮೀನುಗಳಿಂದ ಇದರ ತಲೆಗೆ ಬಂದಿದೆ. ಮೊದಲನೆಯದು ಇದರ ಹತ್ತಿರದ ನೆಂಟ, ಸ್ಯಾಕೋಫ್ಯಾರಿಂಕ್ಸ್ ಎಂಬ ಕುಲದ ‘ನುಂಗುಬಾಕ’ ಈಲ್‌ಗಳು. ಅಮೆರಿಕದ ಸ್ಯಾಮ್ಯುಯೆಲ್ ಮಿಚಿಲ್ 1824ರಲ್ಲೇ ಆ ಕುಲಕ್ಕೆ ಹೆಸರಿಟ್ಟಿದ್ದರು. ಆಳ ಸಮುದ್ರಕ್ಕೆ ಬಲೆ ಬಿಡುವ ಕಾಲವೇ ಅದಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು ನೀರಿನ ಮೇಲೆ ತೇಲಿ ಬಂದವು ಆಗ ಜನರ ಕೈಗೆ ಸಿಕ್ಕಿದ್ದವು. ಅವುಗಳ ಹಲ್ಲು ಬಾಗಿದ, ಚೂಪಾದ ಹಲ್ಲು. ಅವು ನಿಜಕ್ಕೂ ದೊಡ್ಡ ಮೀನು ನುಂಗುತ್ತವೆ. ಎರಡನೆಯದು ಈಲ್ ಅಲ್ಲವೇ ಅಲ್ಲ, ಕಯಾಸ್ಮೊಡಾನ್ ನೈಗರ್ ಎಂಬ ಪುಟ್ಟ ಕಪ್ಪು ಮೀನು. 2007ರಲ್ಲಿ ಗ್ರ್ಯಾಂಡ್ ಕೇಮನ್ ದ್ವೀಪದ ಬಳಿ ಸತ್ತು ತೇಲುತ್ತಿದ್ದ ಇಂಥದ್ದೊಂದು ಸಿಕ್ಕಿತು. ಅದರ ಉದ್ದ 19 ಸೆಂಟಿಮೀಟರ್, ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡಿದ್ದ ಮೀನಿನ ಉದ್ದ 86 ಸೆಂಟಿಮೀಟರ್. ನುಂಗಿದ್ದು ಜೀರ್ಣವಾಗುವ ಮೊದಲೇ ಕೊಳೆತು, ಹುಟ್ಟಿದ ಅನಿಲ ಎರಡನ್ನೂ ಮೇಲಕ್ಕೆ ತಂದಿತ್ತು. ರಾಕ್ಷಸ ಎಂಬ ಬಿರುದು ಯಾರಿಗಾದರೂ ಸಲ್ಲುವುದಾದರೆ ಆ ಅಂಗೈಯುದ್ದದ ಮೀನಿಗೆ ಸಲ್ಲಲಿ.

ಹಳೆಯ ಬರಹಗಳ ಬಗ್ಗೆ ಇನ್ನೊಂದು ಎಚ್ಚರಿಕೆಯ ಮಾತು ಹೇಳಬೇಕು. ಟ್ರಾಲ್ ಬಲೆ ಗಂಟೆಗಟ್ಟಲೆ ನೀರಿನಲ್ಲಿ ಎಳೆದಾಡುವಾಗ ಅದರ ತುದಿಯ ಚೀಲದಲ್ಲಿ ನೂರಾರು ಜೀವಿಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಗಾಬರಿಯಲ್ಲಿ ಬಾಯಿ ತೆರೆದ ಮೀನಿನೊಳಗೆ ಪಕ್ಕದ್ದು ನುಗ್ಗಿಬಿಡುತ್ತದೆ. ಬಲೆ ಮೇಲೆ ಬಂದಾಗ ‘ಇದು ಅದನ್ನು ತಿನ್ನುತ್ತಿತ್ತು’ ಎಂದು ಬರೆದುಕೊಂಡರೆ ತಪ್ಪು ಯಾರದು? ಹೆಜ್ಜಾರ್ಲೆ ಈಲ್‌ನಂಥ ತೆರೆದ ಚೀಲಕ್ಕೆ ಈ ಅಪವಾದ ಸುಲಭವಾಗಿ ಅಂಟುತ್ತದೆ. ಬಾಯಲ್ಲಿ ಸಿಕ್ಕಿದ್ದನ್ನು ಬಿಟ್ಟು, ಕರುಳಿನಲ್ಲಿ ಅರ್ಧ ಕರಗಿದ್ದನ್ನು ಮಾತ್ರ ನಂಬಬೇಕು ಎಂಬುದು ಈ ಕೆಲಸದಲ್ಲಿರುವವರು ಕಲಿತ ಪಾಠ.

ಈಗ ವಾಸಸ್ಥಾನ. ಈಲ್ ಎಂದರೆ ಕೆಸರಿನಲ್ಲಿ ಹುದುಗಿರುವ, ಬಂಡೆಯ ಸಂದಿಯಿಂದ ತಲೆ ಹೊರಚಾಚುವ ಪ್ರಾಣಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಅದನ್ನು ಅಳಿಸಿಬಿಡಿ. ಹೆಜ್ಜಾರ್ಲೆ ಈಲ್‌ಗೆ ನೆಲವಿಲ್ಲ, ಗೋಡೆಯಿಲ್ಲ, ಅಡಗಲು ಒಂದು ಕಲ್ಲೂ ಇಲ್ಲ. ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರರಲ್ಲೂ, ಉಷ್ಣ ಮತ್ತು ಸಮಶೀತೋಷ್ಣ ವಲಯಗಳ ಕೆಳಗೆ, ಸಾಮಾನ್ಯವಾಗಿ 500ರಿಂದ 3000 ಮೀಟರ್ ಆಳದ ನಡುನೀರಿನಲ್ಲಿ ಅದು ತೇಲುತ್ತಾ ಬದುಕುತ್ತದೆ. ಸಾಗರದ ಸರಾಸರಿ ಆಳವೇ ಸುಮಾರು 3700 ಮೀಟರ್. ಅಂದರೆ ಬಹುಪಾಲು ಕಡೆ ಈ ಈಲ್‌ನ ಕೆಳಗೂ ಕಿಲೋಮೀಟರ್‌ಗಟ್ಟಲೆ ನೀರು, ಮೇಲೂ ಕಿಲೋಮೀಟರ್‌ಗಟ್ಟಲೆ ನೀರು. ಹುಟ್ಟಿನಿಂದ ಸಾವಿನವರೆಗೆ ಗಟ್ಟಿ ವಸ್ತುವೊಂದನ್ನು ಮುಟ್ಟದೇ ಇರುವ ಬದುಕನ್ನು ಊಹಿಸಿಕೊಳ್ಳಿ. ಹುರುಪೆ ಏಕಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ: ತಾಗಿ ತರಚುವಂಥದ್ದು ಅಲ್ಲಿ ಏನೂ ಇಲ್ಲ.

ಸೂರ್ಯನ ಬೆಳಕು 200 ಮೀಟರ್ ಹೊತ್ತಿಗೆ ಬಹುಮಟ್ಟಿಗೆ ಸೋತಿರುತ್ತದೆ, 1000 ಮೀಟರ್ ಹೊತ್ತಿಗೆ ಪೂರಾ ಮುಗಿದಿರುತ್ತದೆ. ಅಲ್ಲಿಂದ ಕೆಳಗೆ ಹಗಲು ರಾತ್ರಿಯಾಗಲಿ, ಋತುವಾಗಲಿ ಇಲ್ಲ. ಬಿಸಿಲ ನಾಡಿನ ಸಮುದ್ರವಾದರೂ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತಣ್ಣಗಿರುತ್ತದೆ. ಕತ್ತಲಲ್ಲಿ ಯಾವ ಗಿಡ, ಯಾವ ಪಾಚಿಯೂ ಬೆಳೆಯದು. ತಿನ್ನುವುದಕ್ಕೆ ಇರುವುದೆಲ್ಲ ಮೇಲಿನಿಂದ ಬಿದ್ದದ್ದು, ಇಲ್ಲವೇ ಹಾಗೆ ಬಿದ್ದದ್ದನ್ನು ತಿಂದು ಬದುಕಿದವರು. ಸತ್ತ ಪ್ಲವಕಗಳು, ಮಲ, ಲೋಳೆಯ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಹತ್ತಿಯ ಎಳೆಯಂತೆ ನಿಧಾನವಾಗಿ ಇಳಿಯುತ್ತಿರುತ್ತವೆ. ಇದಕ್ಕೆ ಕಡಲ ಹಿಮ ಎನ್ನುತ್ತಾರೆ. ದಾರಿಯುದ್ದಕ್ಕೂ ಅದನ್ನು ಹೆಕ್ಕುವವರು ಇದ್ದಾರೆ, ಕರಗಿಸುವ ಬ್ಯಾಕ್ಟೀರಿಯಾಗಳೂ ಇವೆ. ಆದ್ದರಿಂದ ಒಂದು ಕಿಲೋಮೀಟರ್‌ಗಿಂತ ಕೆಳಗೆ ತಲುಪುವುದು ಮೇಲೆ ಬೆಳೆದದ್ದರ ಅತ್ಯಲ್ಪ ಪಾಲು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅಕ್ಷರಶಃ ಪಾಲಿಸಿದ ದೇಹ ಇದು. ಎಲುಬು ಕಟ್ಟಲು ಸುಣ್ಣ ಬೇಕು, ಸ್ನಾಯು ಬೆಳೆಸಲು ಪ್ರೋಟೀನ್ ಬೇಕು, ಬೆಳೆಸಿದ ಸ್ನಾಯುವನ್ನು ಸಾಕಲು ದಿನವೂ ಊಟ ಬೇಕು. ಈ ಈಲ್ ಅವೆಲ್ಲವನ್ನೂ ಕಡಿತಗೊಳಿಸಿ, ನೀರು ಹೆಚ್ಚಾದ ಲೋಳೆಯಂಥ ಅಂಗಾಂಶದಿಂದ ಮೈ ತುಂಬಿಸಿಕೊಂಡಿದೆ. ಅಂಥ ಮೈಗೆ ಸುತ್ತಲಿನ ನೀರಿನಲ್ಲಿ ಭಾರ ಹೆಚ್ಚಿಲ್ಲ, ಹೆಚ್ಚು ಈಜದೆಯೂ ತೇಲಬಹುದು. ದೇಹ ಏಕಿಷ್ಟು ಸಣಕಲು, ಬಾಯಿ ಏಕಿಷ್ಟು ದೊಡ್ಡದು ಎಂಬುವು ಎರಡು ಪ್ರಶ್ನೆಗಳಂತೆ ಕಂಡರೂ ಒಂದೇ ಪ್ರಶ್ನೆ. ಓಡುವ ಖರ್ಚನ್ನು ಉಳಿಸಿದ ಪ್ರಾಣಿ ಸಿಕ್ಕ ಅವಕಾಶವನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಒತ್ತಡದ ಪ್ರಶ್ನೆಗೆ ಬರುತ್ತೇನೆ. ಇದು ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ತಲೆಕೆಳಗಾಗಿ ಕೇಳುವ ಪ್ರಶ್ನೆಯೂ ಹೌದು. ಹತ್ತು ಮೀಟರ್ ಇಳಿದಂತೆಲ್ಲ ಒತ್ತಡ ಸರಿಸುಮಾರು ಒಂದು ವಾಯುಮಂಡಲದಷ್ಟು ಏರುತ್ತದೆ. 2000 ಮೀಟರಿನಲ್ಲಿ ಅದು 200 ವಾಯುಮಂಡಲ, ಅಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಹೊರೆ. ಮೆತ್ತಗಿನ ಮೈ ಇದನ್ನು ಹೇಗೆ ತಾಳುತ್ತದೆ ಎಂದು ಕೇಳಿದಿರಿ. ಮೆತ್ತಗಿರುವುದರಿಂದಲೇ ತಾಳುತ್ತದೆ. ಒತ್ತಡ ಜಜ್ಜುವುದು ಟೊಳ್ಳನ್ನು. ಮುಚ್ಚಳ ಹಾಕಿದ ಖಾಲಿ ಬಾಟಲಿಯನ್ನು ಆಳಕ್ಕೆ ಇಳಿಸಿದರೆ ಅಪ್ಪಚ್ಚಿಯಾಗುತ್ತದೆ. ಅದೇ ಬಾಟಲಿಗೆ ಅಂಚಿನವರೆಗೆ ನೀರು ತುಂಬಿ ಇಳಿಸಿದರೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಏಕೆಂದರೆ ನೀರು ಬಹಳ ಕುಗ್ಗುವ ವಸ್ತುವಲ್ಲ. ಹೆಜ್ಜಾರ್ಲೆ ಈಲ್‌ನಲ್ಲಿ ಗಾಳಿಚೀಲವೇ ಇಲ್ಲವೆಂದು ಮೇಲೆ ಹೇಳಿದೆನಲ್ಲ, ಅದು ಒಳಗೂ ಹೊರಗೂ ನೀರೇ ಇರುವ ಬಾಟಲಿ. ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸರಿಸಮ.

ನಿಜವಾದ ಕಷ್ಟ ಕಣ್ಣಿಗೆ ಕಾಣದ ಮಟ್ಟದಲ್ಲಿದೆ. ಜೀವಕೋಶದೊಳಗಿನ ಪ್ರೋಟೀನುಗಳು ಒಂದು ನಿರ್ದಿಷ್ಟ ಆಕಾರದಲ್ಲಿ ಮಡಿಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಹೆಚ್ಚಿನ ಒತ್ತಡ ಆ ಮಡಿಕೆಯನ್ನು ಕೆಡಿಸುತ್ತದೆ. ಇದಕ್ಕೆ ಮೀನುಗಳ ಬಳಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ರಾಸಾಯನಿಕದ ರಕ್ಷಣೆಯಿದೆ. ಆಳ ಹೆಚ್ಚಿದಂತೆ ಮೀನುಗಳ ಮೈಯಲ್ಲಿ ಇದರ ಪ್ರಮಾಣವೂ ಏರುತ್ತಾ ಹೋಗುತ್ತದೆ. ಸುಮಾರು 8200 ಮೀಟರಿನ ಹೊತ್ತಿಗೆ ಈ ಏರಿಕೆ ತನ್ನ ಮಿತಿ ಮುಟ್ಟುತ್ತದೆ, ಅದಕ್ಕಿಂತ ಹೆಚ್ಚು ಆಳದಲ್ಲಿ ಮೀನುಗಳು ಬದುಕಲು ಹೆಣಗುವುದಕ್ಕೆ ಇದೇ ಕಾರಣವಿರಬಹುದು ಎಂದು 2014ರಲ್ಲಿ ಸಂಶೋಧಕರು ತೋರಿಸಿದರು. ಅಂದಹಾಗೆ, ಹಳಸಿದ ಮೀನಿಗೆ ಬರುವ ಆ ವಿಶಿಷ್ಟ ನಾತ ಇದೇ ವಸ್ತು ಒಡೆದಾಗ ಹುಟ್ಟುವಂಥದ್ದು. ಮುಂದಿನ ಸಲ ಮೂಗು ಮುಚ್ಚಿಕೊಳ್ಳುವಾಗ ನೆನಪಿಸಿಕೊಳ್ಳಿ.

ಕತ್ತಲಲ್ಲಿ ಇದು ದಾರಿ, ಬೇಟೆ, ಶತ್ರು ಎಲ್ಲವನ್ನೂ ಹೇಗೆ ತಿಳಿಯುತ್ತದೆ? ಕಣ್ಣು ಚಿಕ್ಕದು, ಬೇರೆ ಜೀವಿಗಳು ಮಿನುಗಿಸುವ ಬೆಳಕಿನ ಕಿಡಿ ಕಂಡರೆ ಅದೇ ಹೆಚ್ಚು. ನೀರಿನ ಅಲುಗಾಟವನ್ನು ಗ್ರಹಿಸುವ ಪಾರ್ಶ್ವರೇಖೆ ಎಂಬ ಅಂಗ ಎಲ್ಲ ಮೀನುಗಳಿಗೂ ಇರುತ್ತದೆ. ಸಾಮಾನ್ಯವಾಗಿ ಅದು ಚರ್ಮದ ಕೆಳಗೆ ಕಾಲುವೆಯಂತೆ ಹುದುಗಿರುತ್ತದೆ. ಹೆಜ್ಜಾರ್ಲೆ ಈಲ್‌ನಲ್ಲಿ ಆ ಸಂವೇದನಾಂಗಗಳು ಸಣ್ಣ ಸಣ್ಣ ಮೊಳಕೆಗಳಂತೆ ಮೈಯಿಂದ ಹೊರಗೇ ಚಾಚಿಕೊಂಡಿವೆ. ಅಲೆ, ಪ್ರವಾಹಗಳ ಗದ್ದಲ ಕಡಿಮೆ ಇರುವ ಆ ನೀರಿನಲ್ಲಿ ಸಿಗಡಿಯೊಂದು ಕಾಲಾಡಿಸಿದರೂ ಗೊತ್ತಾಗಲು ಇದು ಅನುಕೂಲ. ಅಲೆಯಬ್ಬರದ ಮೇಲ್ನೀರಿನಲ್ಲಾಗಿದ್ದರೆ ಇಂಥ ಹೊರಚಾಚಿದ ಅಂಗ ಬರೀ ಗದ್ದಲವನ್ನೇ ಕೇಳಿಸುತ್ತಿತ್ತು.

ಬಾಲದ ತುದಿಯಲ್ಲೊಂದು ಬೆಳಕಿನ ಅಂಗವಿದೆ. ಬಾಲವನ್ನು ಬಾಯಿಯ ಮುಂದೆ ತಂದು ದೀಪ ಆಡಿಸಿ ಬೇಟೆಯನ್ನು ಸೆಳೆಯುತ್ತದೆ ಎಂಬ ವಿವರಣೆಯನ್ನು ನೀವು ಎಲ್ಲೆಡೆ ಓದುತ್ತೀರಿ. ಅದು ಒಳ್ಳೆಯ ಊಹೆ, ಗಂಟು ಬೀಳುವಷ್ಟು ಬಳುಕುವ ಬಾಲಕ್ಕೆ ಅಸಾಧ್ಯವೂ ಅಲ್ಲ. ಆದರೂ ಕಣ್ಣಾರೆ ಕಂಡ ಸಂಗತಿಯ ಸಾಲಿಗೆ ಅದನ್ನು ನಾನು ಸೇರಿಸುವುದಿಲ್ಲ.

ಇದು ಈಲ್ ಹೌದೇ ಎಂಬ ನಿಮ್ಮ ಪ್ರಶ್ನೆ ನಿಮಗೆ ಅನ್ನಿಸಿರುವುದಕ್ಕಿಂತ ಹಳೆಯದು. ವಯ್ಯಾಂ ಅವರ ಮರುವರ್ಷವೇ, 1883ರಲ್ಲಿ, ಅಮೆರಿಕದ ಗಿಲ್ ಮತ್ತು ರೈಡರ್ ಇದೇ ಮೀನಿಗೆ ಇನ್ನೊಂದು ಹೆಸರಿಟ್ಟು, ಇಂಥವುಗಳಿಗೆಂದೇ ಒಂದು ಪ್ರತ್ಯೇಕ ಗಣವನ್ನು ಸೃಷ್ಟಿಸಿದರು. ಇಷ್ಟೊಂದು ಎಲುಬುಗಳಿಲ್ಲದ ಮೀನನ್ನು ಯಾರ ಮನೆಗೆ ಸೇರಿಸುವುದು? 1946ರಲ್ಲೂ ಚೆರ್ನಾವಿನ್ ಎಂಬ ವಿಜ್ಞಾನಿ, ಈಗ ಬದುಕಿರುವ ಅಥವಾ ಪಳೆಯುಳಿಕೆಯಾಗಿ ಸಿಕ್ಕಿರುವ ಯಾವ ಎಲುಬುಮೀನಿನಂತೆಯೂ ಇದು ಇಲ್ಲ ಎಂದು ವಾದಿಸಿದ್ದರು. ಅವರ ತರ್ಕದಲ್ಲಿ ಹುರುಳಿಲ್ಲದೇ ಇರಲಿಲ್ಲ. ಇರುವುದನ್ನು ನೋಡಿ ನೆಂಟಸ್ತಿಕೆ ಹೇಳಬಹುದು, ಎಲ್ಲವನ್ನೂ ಕಳೆದುಕೊಂಡವರ ವಂಶಾವಳಿ ಹೇಳುವುದು ಕಷ್ಟ.

ಗುರುತು ಪತ್ರ ಸಿಕ್ಕಿದ್ದು ಮರಿಯಲ್ಲಿ. ಎಲ್ಲ ಈಲ್‌ಗಳ ಮರಿಯೂ ಮೊದಲು ಗಾಜಿನಂತೆ ಪಾರದರ್ಶಕವಾದ, ಎಲೆಯಂತೆ ಚಪ್ಪಟೆಯಾದ ರೂಪದಲ್ಲಿರುತ್ತದೆ. ತಾಯಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಹಿಂದೆ ಇವನ್ನು ಬೇರೆಯೇ ಮೀನೆಂದು ತಿಳಿದು ಲೆಪ್ಟೊಸೆಫಾಲಸ್ ಎಂಬ ಹೆಸರಿಟ್ಟಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಗ್ರಾಸಿ ಮತ್ತು ಕಲಂಡ್ರುಚ್ಚೊ ಅಂಥ ಎಲೆಮರಿ ಈಲ್ ಆಗಿ ರೂಪಾಂತರ ಹೊಂದುವುದನ್ನು ಕಂಡ ಮೇಲೆ ಗುಟ್ಟು ಬಯಲಾಯಿತು. ಹೆಜ್ಜಾರ್ಲೆ ಈಲ್‌ನ ಮರಿಯೂ ಇಂಥದ್ದೇ ಎಲೆ. ದೊಡ್ಡವು ಕತ್ತಲಲ್ಲಿದ್ದರೂ ಎಲೆಮರಿಗಳು ಊಟ ಹೆಚ್ಚಿರುವ ಮೇಲಿನ ನೀರಿನಲ್ಲಿ ಬೆಳೆದು, ಆಮೇಲೆ ಕೆಳಗಿಳಿಯುತ್ತವೆ.

ಇದಕ್ಕಿಂತ ದೊಡ್ಡ ಅಚ್ಚರಿ 2010ರಲ್ಲಿ ಬಂತು. ಜಪಾನಿನ ಜುನ್ ಇನೋವೆ ಮತ್ತು ಸಂಗಡಿಗರು 50ಕ್ಕೂ ಹೆಚ್ಚು ಈಲ್ ಜಾತಿಗಳ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಹೋಲಿಸಿದರು. ಹೆಜ್ಜಾರ್ಲೆ ಈಲ್, ನುಂಗುಬಾಕ ಈಲ್ ಮತ್ತು ಕೊಕ್ಕಿನ ಈಲ್‌ಗಳಿಗೆ ಅತಿ ಹತ್ತಿರದ ನೆಂಟರು ಯಾರೆಂದು ನೋಡಿದರೆ, ಹೊಳೆ ಕೆರೆಗಳ ಸಿಹಿನೀರಿನಲ್ಲಿ ಬೆಳೆಯುವ ಆಂಗ್ವಿಲ್ಲ ಕುಲದ ಹಾವುಮೀನುಗಳು! ಹವಳದ ಬಂಡೆಗಳಲ್ಲಿ ವಾಸಿಸುವ ಮೊರೆ ಈಲ್‌ಗಳು ಈ ಬಳಗದಿಂದ ದೂರ. ಯೂರೋಪಿನ ಸಿಹಿನೀರಿನ ಈಲ್ ಮೊಟ್ಟೆಯಿಡಲು ಸಾವಿರಾರು ಕಿಲೋಮೀಟರ್ ಈಜಿ ಸರ್ಗಾಸೊ ಸಮುದ್ರಕ್ಕೆ ಹೋಗುತ್ತದೆ ಎಂದು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1920ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಹೊಳೆಯಲ್ಲಿ ಬೆಳೆದದ್ದು ನಡುಸಾಗರಕ್ಕೆ ಏಕೆ ಹೋಗಬೇಕು ಎಂಬುದಕ್ಕೆ ಈ ಡಿಎನ್‌ಎ ಹೋಲಿಕೆ ಒಂದು ಉತ್ತರ ಕೊಡುತ್ತದೆ. ಅದರ ಪೂರ್ವಜರು ಆಳ ಸಮುದ್ರದ ನಡುನೀರಿನವರು. ಸಿಹಿನೀರಿಗೆ ಬಂದದ್ದು ಊಟಕ್ಕೆ, ಹೆರಿಗೆಗೆ ಮಾತ್ರ ತವರಿಗೇ ಹೋಗುತ್ತದೆ. ತವರಿನಲ್ಲೇ ಉಳಿದು ಇದ್ದುದರಲ್ಲೇ ಸಂಸಾರ ಹೂಡಿದ ಕವಲು ನೀವು ವಿಡಿಯೊದಲ್ಲಿ ಕಂಡದ್ದು.

ನೀವು ಕೇಳದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಪ್ರಾಯಕ್ಕೆ ಬಂದ ಗಂಡು ಹೆಜ್ಜಾರ್ಲೆ ಈಲ್‌ನಲ್ಲಿ ವಾಸನೆ ಗ್ರಹಿಸುವ ಅಂಗಗಳು ದೊಡ್ಡದಾಗಿ ಬೆಳೆಯತೊಡಗುತ್ತವೆ. ಆ ವಿಸ್ತಾರವಾದ ಕತ್ತಲಲ್ಲಿ ಹೆಣ್ಣನ್ನು ಹುಡುಕಲು ನೀರಿನಲ್ಲಿ ಬೆರೆತ ವಾಸನೆಯ ಜಾಡು ಬಿಟ್ಟರೆ ಬೇರೆ ದಾರಿ ಕಾಣದು. ಇದೇ ಸಮಯಕ್ಕೆ ಅದರ ಹಲ್ಲುಗಳು, ದವಡೆ ಕ್ಷೀಣಿಸುತ್ತವೆ. ಹೆಣ್ಣಿನಲ್ಲಿ ಇಂಥ ದೊಡ್ಡ ಬದಲಾವಣೆ ಕಾಣುವುದಿಲ್ಲ. ಸಂತಾನೋತ್ಪತ್ತಿಯ ಬಳಿಕ ಎರಡೂ ಸಾಯುತ್ತವೆ ಎಂದು ತಿಳಿಯಲಾಗಿದೆ. ಜೀವಮಾನವಿಡೀ ಬಾಯಿಯೊಂದಕ್ಕೇ ಖರ್ಚು ಮಾಡಿದ ಗಂಡು, ಕೊನೆಯ ಪಯಣಕ್ಕೆ ಅದನ್ನೂ ಬಿಟ್ಟುಕೊಟ್ಟು ಮೂಗಿನ ಹಿಂದೆ ಹೊರಡುತ್ತದೆ.